ಒರೆಸದೆ ಬಿಟ್ಟ ಮೂಲೆ

ಅಣ್ಣ ಹೊಸ ಪೆಟ್ಟಿಗೆಯ ಸೀಲು ಕಿತ್ತ. ಒಳಗಿದ್ದದ್ದು ಉಸಿರಾಟದ ಯಂತ್ರ. ತಯಾರಾದ ಮೇಲೆ ಗೋದಾಮು ಬಿಟ್ಟು ಕದಲಿದ್ದಲ್ಲ, ಯಾವ ರೋಗಿಯ ಮುಖವನ್ನೂ ಕಂಡದ್ದಲ್ಲ. ತಂತಿ ಜೋಡಿಸಿ, ಕೊನೆಯ ಸಲ ಕೆಟ್ಟು ನಿಂತಾಗಿನ ದಾಖಲೆ ತೋರಿಸು ಎಂದು ಕೇಳಿದ. ಒಮ್ಮೆಯೂ ಕೆಡದ ಯಂತ್ರ ಏನೂ ಇಲ್ಲ ಎನ್ನಬೇಕಿತ್ತು. ಬದಲಿಗೆ ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಅಲಾರಂ ನಿಲ್ಲಿಸುವ ಗುಂಡಿ ಒತ್ತಲಾಗಿದೆ.’

ಅಕ್ಷರಕ್ಕೆ ಅಕ್ಷರ ಅದೇ ಸಾಲು. ಅಣ್ಣ ಅಲ್ಲೇ ನೆಲದ ಮೇಲೆ ಕೂತು ಅತ್ತ. ಅರ್ಧ ಸಂತೋಷಕ್ಕೆ, ಅರ್ಧ ನಾಚಿಕೆಗೆ.

ಮೂರು ವಾರದಿಂದ ಅವನ ತಂಗಿ ಆ ಒಂದು ಸಾಲಿನ ಕೆಳಗೆ ಬದುಕುತ್ತಿದ್ದಳು. ಅವಳ ಅತ್ತೆ ಆರು ವರ್ಷ ಹಾಸಿಗೆ ಹಿಡಿದು, ಇಂಥದೇ ಯಂತ್ರದ ದಯೆಯಿಂದ ಉಸಿರಾಡುತ್ತಿದ್ದರು. ಯಂತ್ರವನ್ನು ತಂದು ಕೂರಿಸಿದವನು ಅಣ್ಣನೇ. ಅದನ್ನು ತಯಾರಿಸುವ ಕಂಪನಿಯಲ್ಲಿ ಅದರ ಕರ್ನಲ್ ಬರೆಯುವುದು, ಎಂದರೆ ಇಡೀ ಯಂತ್ರವನ್ನು ನಡೆಸುವ ತಂತ್ರಾಂಶದ ತಿರುಳನ್ನು ಬರೆಯುವುದು, ಅವನ ಕೆಲಸ. ಗಂಟಲಿಗೆ ಕೊಳವೆ ಬಿದ್ದು ಮಾತು ನಿಂತರೂ ಅತ್ತೆಯ ಸ್ಲೇಟು ನಿಂತಿರಲಿಲ್ಲ. ದಿನಕ್ಕೆ ಹತ್ತು ಸಲ ಸೊಸೆಯ ಹುಳುಕು ಬರೆದು ಬಂದವರಿಗೆಲ್ಲ ತೋರಿಸುತ್ತಿದ್ದರು. ಆ ಸ್ಲೇಟನ್ನು ಒರೆಸಿ ಮತ್ತೆ ಕೈಗೆ ಕೊಡುವವಳೂ ಸೊಸೆಯೇ. ಎದುರಾಡಿದವಳಲ್ಲ. ಭೂಮಿತೂಕದ ಹೆಣ್ಣು ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ಹೊಗಳಿದವರು ಯಾರೂ ಒಂದು ಮಧ್ಯಾಹ್ನ ಅವಳ ಬದಲಿಗೆ ಕೂರಲಿಲ್ಲ.

ಅಂಥದೊಂದು ಮಟಮಟ ಮಧ್ಯಾಹ್ನವೇ ಯಂತ್ರ ನಿಂತಿತು. ಮನೆಯವರು ಕೆಲಸಕ್ಕೆ ಹೋಗಿದ್ದರು. ಕೆಳಮಹಡಿಯ ಮರಗೆಲಸದವರ ಗರಗಸ ಎಂದಿನಂತೆ ಕಿರುಚುತ್ತಿತ್ತು. ಅತ್ತೆ ತೀರಿಕೊಂಡರು. ಮರುದಿನ ಕಂಪನಿಯಿಂದ ಬಂದ ರಿಪೇರಿಯವನು ದಾಖಲೆ ತೆಗೆದು ಆ ಸಾಲನ್ನು ಎಲ್ಲರೆದುರು ಓದಿದ. ತಂಗಿ ಕ್ಷಣಹೊತ್ತು ಪರದೆಯನ್ನೇ ನೋಡಿ, “ಪಕ್ಕದ ಕುರ್ಚೀಲೇ ಇದ್ದೆ. ತೂಕಡಿಕೇಲಿ ಕೈ ತಾಗಿರಬೇಕು. ಎಚ್ಚರ ಆದಾಗ ಎಲ್ಲಾ ಮುಗಿದಿತ್ತು,” ಎಂದಳು.

ನಿದ್ದೆಗೆಟ್ಟ ಜೀವ, ಕೈತಪ್ಪು ಎಂದು ಗಂಡ ನುಂಗಿಕೊಂಡ. ನಾದಿನಿ ನುಂಗಲಿಲ್ಲ. “ನಮ್ಮಮ್ಮನ್ನ ಕೊಂದೋಳು ಈ ಮನೇಲಿರಬಾರದು,” ಎಂದು ದಿನಾ ಹಟ ಹಿಡಿದಳು.

ಅಣ್ಣನಿಗೆ ಈಗ ಎಲ್ಲ ತಿಳಿಯಾಗಿತ್ತು. ಕರ್ನಲ್ ಕುಸಿದು ಬೀಳುವಾಗ ತನ್ನ ಕೊನೆಯ ಮಾತು ಬರೆದಿಡಲೆಂದು ಯಂತ್ರದ ನೆನಪಿನಲ್ಲಿ ಒಂದು ಮೂಲೆ ಕಾದಿರಿಸಿರುತ್ತದೆ. ಕರೆಂಟು ಹೋದರೂ ಅಳಿಯದ ಮೂಲೆ. ಯಂತ್ರ ಮತ್ತೆ ಚಾಲೂ ಆದಾಗ ಅಲ್ಲಿರುವುದನ್ನೇ ಓದಿ ಹೇಳುತ್ತದೆ. ಆ ಮೂಲೆಯನ್ನು ಮೊದಲೇ ಒರೆಸಿ ಖಾಲಿ ಮಾಡಿರಬೇಕು. ಮಾಡದಿದ್ದರೆ, ಕರ್ನಲ್ ಏನನ್ನೂ ಬರೆಯದೆ ಸತ್ತರೂ, ಕಾರ್ಖಾನೆಯಲ್ಲಿ ಗುಂಡಿಗಳನ್ನು ಪರೀಕ್ಷಿಸಿದಾಗಿನ ಕಸವೇ ಅದರ ಮರಣವಾಕ್ಕಾಗುತ್ತದೆ. ಒರೆಸುವ ಆ ಒಂದು ಸಾಲನ್ನು ಬರೆಯಬೇಕಾಗಿದ್ದವನು ಅಣ್ಣ. ಮರೆತಿದ್ದ.

ತಂಗಿಗೆ ಫೋನ್ ಮಾಡಿದ. “ನೀನು ಆ ಗುಂಡಿ ಮುಟ್ಟೇ ಇಲ್ಲ ಕಣೇ! ಯಂತ್ರ ಸುಳ್ಳು ಹೇಳಿದೆ.”

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು. “ಬಿಟ್ಬಿಡು ಅಣ್ಣ. ಒಪ್ಕೊಂಡಾಗಿದೆ. ಇದನ್ನ ಹೇಳಿದ್ರೆ ನಿನ್ ಕೆಲಸ ಹೋಗುತ್ತೆ.”

“ಹೋಗ್ಲಿ.”

“ನನ್ನಾಣೆಗೂ ಬೇಡ.”

ಯಂತ್ರದ ಮಾತಿಗೆ ತಲೆಬಾಗಿ ಮಾಡದ ತಪ್ಪನ್ನು ಹೊತ್ತಿದ್ದಾಳೆ, ಅದರ ಮೇಲೆ ಅಣ್ಣನ ಅನ್ನಕ್ಕೂ ಅಳುತ್ತಾಳೆ. ಇಂಥವಳನ್ನು ಕೈಬಿಟ್ಟರೆ ತಾನು ಮನುಷ್ಯನೇ ಅಲ್ಲ ಎಂದುಕೊಂಡ.

ಭಾನುವಾರ ಎರಡು ಯಂತ್ರಗಳನ್ನೂ ಅವಳ ಮನೆಯ ಹಜಾರದಲ್ಲಿ ಅಕ್ಕಪಕ್ಕ ಇಟ್ಟ. ಎರಡರಲ್ಲೂ ಅದೇ ಸಾಲು ತೋರಿಸಿದ. “ಇದು ಹೊಸದು, ಯಾರೂ ಬಳಸಿಲ್ಲ. ಇದರ ಗುಂಡೀನೂ ನನ್ನ ತಂಗಿ ಬಂದು ಒತ್ತಿದ್ಲಾ? ಯಂತ್ರ ನಿಂತದ್ದು ಯಂತ್ರದ ತಪ್ಪು. ಸುಳ್ಳು ದಾಖಲೆ ಬಂದದ್ದು ನನ್ನ ತಪ್ಪು. ನಾಳೆ ಕಂಪನಿಗೂ ಬರೆದುಕೊಡ್ತೀನಿ.”

ಆಮೇಲೆ ಹೊಸ ಯಂತ್ರವನ್ನು ಬೇಕೆಂದೇ ಕೆಡಿಸಿ ನಿಲ್ಲಿಸಿದ. ಅಲಾರಂ ಅರಚಿತು. ಕಿಟಕಿಯ ಗಾಜು ಅದುರಿತು. ನಾದಿನಿ ಎರಡೂ ಕಿವಿ ಮುಚ್ಚಿಕೊಂಡಳು.

“ಯಾರೂ ಗುಂಡಿ ಒತ್ತದಿದ್ರೆ, ಆಫ್ ಮಾಡಿ ಆನ್ ಮಾಡೋವರೆಗೂ ಹೀಗೇ ಕೂಗುತ್ತೆ,” ಎಂದು ಕೂಗಿ ಹೇಳಿ, ಅಣ್ಣ ಅದನ್ನು ಆರಿಸಿದ.

ನಾದಿನಿ ಬಿಕ್ಕುತ್ತ ತಂಗಿಯ ಕೈ ಹಿಡಿದಳು. “ತಪ್ಪಾಯ್ತು ಅತ್ತಿಗೆ. ಏನೇನೋ ಅಂದ್ಬಿಟ್ಟೆ.” ಅಣ್ಣ ಕಣ್ಣೊರೆಸಿಕೊಂಡ. ಕೆಲಸ ಹೋದರೂ ಚಿಂತೆಯಿಲ್ಲ, ತಂಗಿಯ ಮರ್ಯಾದೆ ಉಳಿಯಿತು.

ತಂಗಿಯ ಗಂಡ ಮಾತ್ರ ಯಂತ್ರದಿಂದ ಕಣ್ಣು ಕಿತ್ತಿರಲಿಲ್ಲ. “ಭಾವ,” ಎಂದ ಮೆಲ್ಲಗೆ, “ಹಾಗಾದ್ರೆ ಅವತ್ತೂ ಇಷ್ಟೇ ಜೋರಾಗಿ ಕೂಗ್ತಾ ಇತ್ತಾ?”

“ಇಷ್ಟೇ ಜೋರಾಗಿ! ಪ್ರಾಣ ಹೋಗೋಕೆ ಡಾಕ್ಟ್ರ ಲೆಕ್ಕದಲ್ಲಿ ಹತ್ತು ನಿಮಿಷ ಆದ್ರೂ...” ಅಣ್ಣ ತಂಗಿಯ ಕಡೆ ತಿರುಗಿದ.

“ಹದಿನಾಲ್ಕು,” ಎಂದಳು ತಂಗಿ, ನಾದಿನಿಯ ಹಿಡಿತದಿಂದ ತನ್ನ ಕೈ ಬಿಡಿಸಿಕೊಳ್ಳುತ್ತ. “ಗಡಿಯಾರ ನೋಡ್ತಾ ಕೂತಿದ್ದೆ.”