ಜಪಾನಿನ ಮಂತ್ರಿಗಳು

ಜಪಾನಿ ಭಾಷಾಂತರಕಾರರ ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಆ ಕೆಲಸವನ್ನೇ ನೆಚ್ಚಿಕೊಂಡು ಅತ್ತೆ, ನಾನು ಇಬ್ಬರೂ ಇದ್ದೆವು. ಗಂಡ ತೀರಿಕೊಂಡ ಮೇಲೆ ನನಗೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಓದು ಬರದ ಅತ್ತೆ ಮಾತ್ರ ದಿನಾ ಸೊಪ್ಪು ಬಿಡಿಸುತ್ತಾ ಪಾಠ ಒಪ್ಪಿಸಿಕೊಳ್ಳುತ್ತಿದ್ದರು.

“ಹಣಕಾಸು ಮಂತ್ರಿಗೆ ಏನಂತಾರೆ?”

“ಗೈಮು ದೈಜಿನ್.” ಬಾಯಿಗೆ ಬಂದದ್ದು ಹೇಳಿದೆ.

“ಸರಿ. ವಿದೇಶಾಂಗ ಮಂತ್ರಿಗೆ?”

“ಝೈಮು ದೈಜಿನ್.”

“ಸರಿ.”

“ಸಾಕು ಅತ್ತೆ, ಎಲ್ಲಾ ಬರುತ್ತೆ,” ಎಂದು ಎದ್ದೆ.

“ಎರಡೂ ಅದಲುಬದಲಾಯ್ತಮ್ಮ. ಓದು ಶುರು ಮಾಡಿದ ಮೊದಲ ವಾರ ನೀನು ಗಟ್ಟಿಯಾಗಿ ಓದಿದ್ದೆಯಲ್ಲ, ನೆನಪಿದೆ.”

ಹೊರಟವಳು ತಿರುಗಿದೆ. “ಮತ್ತೆ ಯಾಕೆ ಸರಿ ಅಂದಿರಿ?”

“ದಿನಕ್ಕೆ ನೀನು ಬಾಯಿ ಬಿಡೋದೇ ಇಷ್ಟು. ತಪ್ಪು ಅಂದರೆ ಅದನ್ನೂ ನಿಲ್ಲಿಸ್ತೀಯ.”