ನೆಹರು ಗಂಜಿನಲ್ಲಿ ಮಾಮ

ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂದರೆ ಇವತ್ತಿಗೂ ನಾನು ನನ್ನ ಅಂಗೈ ನೋಡಿಕೊಳ್ಳುತ್ತೇನೆ.

ಜಗಳಾಡಿ ಜಗಳಾಡಿ ನಮ್ಮಪ್ಪನ ತಂಗಿ ಅತ್ತೆಗೂ ಅವಳ ಗಂಡ ಮಾಮನಿಗೂ ಕೋರ್ಟಿನಲ್ಲಿ ವಿಚ್ಛೇದನವಾಗಿತ್ತು. ಅತ್ತೆ ತನ್ನ ಮಗಳು ಶೈಲಾಳನ್ನು ಕರೆದುಕೊಂಡು ಕಲಬುರಗಿಯ ನಮ್ಮ ಮನೆಗೆ ಬಂದಿದ್ದಳು. "ನಿಮ್ಮಪ್ಪ ಮುಟ್ಟಾಕ ಬಂದ್ರ, ಮಕ್ಕಳ ಕಳ್ಳ ಅಂತ ಚೀರು," ಎಂದು ದಿನಾ ಅವಳ ತಲೆ ಬಾಚುತ್ತ ಹೇಳಿಕೊಡುತ್ತಿದ್ದಳು.

ಒಂದು ಮಧ್ಯಾಹ್ನ ನಾನೂ ಶೈಲಾಳೂ ಶಾಲೆಯಿಂದ ಕಾಳಿನ ಮಾರುಕಟ್ಟೆಯಾದ ನೆಹರು ಗಂಜಿನ ಹಾದಿಯಲ್ಲಿ ಬರುತ್ತಿದ್ದಾಗ ಮಾಮ ಎದುರಾದ. ಕಮಲಾಪುರದಿಂದ ತಂದಿದ್ದ ಕೆಂಪು ಬಾಳೆಹಣ್ಣಿನ ಚಿಪ್ಪು ಚಾಚಿ, "ಶೈಲೂ, ನಮ್ಮವ್ವಾ," ಎಂದು ಅವಳ ಕೈ ಹಿಡಿದ.

"ಮಕ್ಕಳ ಕಳ್ಳ!" ಶೈಲಾ ಚೀರಿದಳು.

ತೊಗರಿ ಚೀಲ ಎಳೆಯುತ್ತಿದ್ದ ಹಮಾಲರು ಕಬ್ಬಿಣದ ಕೊಕ್ಕೆ ಹಿಡಿದೇ ಓಡಿಬಂದರು. ಮಾಮನನ್ನು ಗೋಡೆಗೆ ಒತ್ತಿ ಬಡಿದರು. ಅವನ ಕಿವಿಯಿಂದ ರಕ್ತ ಇಳಿಯಿತು.

"ಆಕಿ ನನ್ನ ಮಗಳ್ ಅದಾಳ್ರೀ! ಬೇಕಾದ್ರ ಈ ಹುಡುಗಿಗಿ ಕೇಳ್ರಿ."

ಹಮಾಲನೊಬ್ಬ ನನ್ನತ್ತ ತಿರುಗಿದ. "ಏನವಾ, ಇಂವ ಯಾರು ಗೊತ್ತದೇನು?"

ಶೈಲಾಳ ಉಗುರು ನನ್ನ ಅಂಗೈಯಲ್ಲಿ ನಾಟಿತ್ತು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಕೊಕ್ಕೆ ಮೇಲೆದ್ದಿತು. ಮಾಮ ಮಗಳ ಮುಖವನ್ನೇ ಒಂದು ಕ್ಷಣ ನೋಡಿದ. ಆಮೇಲೆ ಎರಡೂ ಕೈ ಮುಗಿದ.

"ತಪ್ಪಾಯ್ತ್ರೀ. ನನ್ನ ಮಗಳಂಗ ಕಂಡ್ಳು."

"ಸ್ವಂತ ಮಗಳ ಗುರ್ತು ಸಿಗಲ್ಲೇನಲೇ ನಿನಗ?" ಎಂದು ಬೈಯುತ್ತ ಹಮಾಲ ಕೊಕ್ಕೆ ಕೆಳಗಿಳಿಸಿದ.