ತೋಳದ ಪಾಲು

ಕುರಿ ಈದಾಗ ಈ ಸೀಮೆಯಲ್ಲಿ ಯಾರೂ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಮರಿಯ ಕಿವಿ ನೋಡುತ್ತಾರೆ. ಗಬ್ಬದಲ್ಲಿದ್ದಾಗ ತಾಯಿ ಯಾವುದಕ್ಕೆ ಹೆದರಿತ್ತೋ, ಅದರಿಂದ ತಪ್ಪಿಸಿಕೊಳ್ಳುವ ಮೈಯನ್ನೇ ಮರಿ ಪಡೆದು ಬರುತ್ತದೆ.

ತೋಳಗಳನ್ನು ಗುಡ್ಡದಾಚೆಗೆ ಓಡಿಸಿದಾಗ ಕುರಿಗಾರರೆಲ್ಲ ಹಿಗ್ಗಿದ್ದರು. ಮರುವರ್ಷದ ಮರಿಗಳ ಕಿವಿ ಜೋತುಬಿದ್ದವು. ಅದರ ಮುಂದಿನ ವರ್ಷ ಕಾಲು ಗಿಡ್ಡವಾದವು. ಹೋದ ವರ್ಷದವು ಎದ್ದು ನಿಲ್ಲಲೇ ಇಲ್ಲ. ಕುರಿಗಾರರ ಮನೆಯ ಸೊಸೆ ಮಾಳವ್ವ ಒಂದೊಂದನ್ನೂ ಎತ್ತಿ ಹಿಡಿದು ತಾಯಿಯ ಹಾಲು ಕುಡಿಸಬೇಕಾಯಿತು.

ಕೊನೆಗೆ ಅವಳ ಮಾವ ಯಮನೂರಪ್ಪ, ಎಲ್ಲರೂ ಕೈಬಿಟ್ಟಿದ್ದ ಹಳೆಯ ಪದ್ಧತಿಗೆ ಮರಳಿದ. ನಾಯಿಗಳನ್ನು ಕಟ್ಟಿಹಾಕಿ, ತೋಳದ ಪಾಲೆಂದು ಒಂದು ಕುರಿಯನ್ನು ಗುಡ್ಡದ ಬುಡದಲ್ಲಿ ಬಿಟ್ಟುಬಂದ. ಅದು ಮಾಳವ್ವ ಬಾಟಲಿ ಹಾಲು ಹಾಕಿ ಸಾಕಿದ ಕೆಂಚಿ. ತೋಳ ಬಂತು, ಆಮೇಲೆ ಮಂದೆಯಿಂದ ಇನ್ನೂ ಎರಡನ್ನು ಒಯ್ದಿತು. ಮಾಳವ್ವ ಮಾವನೊಡನೆ ಮಾತು ಬಿಟ್ಟಳು.

ಈ ಬೆಳಿಗ್ಗೆ ವರ್ಷದ ಮೊದಲ ಮರಿ ಹುಟ್ಟಿತು. ಅವಳು ರೂಢಿಯಂತೆ ಎತ್ತಿಕೊಳ್ಳಲು ಬಗ್ಗಿದಳು.

"ತಡಿ ಯವ್ವಾ, ಮುಟ್ಟಬ್ಯಾಡ. ತಾನ ಏಳ್ತೈತೇನ ನೋಡೂಣು," ಎಂದ ಯಮನೂರಪ್ಪ.

ಮರಿ ಒದ್ದಾಡಿತು, ಮುಗ್ಗರಿಸಿತು, ಎದ್ದು ನಿಂತಿತು. ಕಿವಿಗಳು ನೆಟ್ಟಗಾದವು. ತಡೆಯಲಾರದೆ ಮಾಳವ್ವ ಕೈ ಚಾಚಿದಳು. ಮರಿ ಚಂಗನೆ ಹಾರಿ ತಾಯಿಯ ಹಿಂದೆ ಅಡಗಿತು.

"ಮಾವಾ, ನನ್ನ ಕಂಡ ಓಡ್ತೈತಿ ನೋಡ್ರಿ!" ಎಂದು ಅವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಐದು ತಿಂಗಳಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.